ಲಂಕೆಗೆ ಹೊತ್ತ ಐದು ಕಾಯಿ

ಅರಸೀಕೆರೆ

ಸಮುದ್ರ ದಾಟಿ ಬಂದವರೆಲ್ಲ ಮೊದಲು ಹಡಗಿನ ವಿಷಯ ಹೇಳುತ್ತಾರೆ. ನಾನು ತೆಂಗಿನಕಾಯಿಯಿಂದಲೇ ಶುರುಮಾಡಬೇಕು. ಸಿಲೋನಿಗೆ ಹೋಗಿ ಒಂದು ತಿಂಗಳು ಕಲ್ಲು ಮಣ್ಣು ಹೊತ್ತು ಬಂದರೂ ಅರಸೀಕೆರೆಯ ಜನ ನನ್ನನ್ನು ಇವತ್ತಿಗೂ ಗುರುತಿಸುವುದು 'ಕಾಯಿ ಹೊತ್ಕಂಡ್ ಹೋದೋಳು' ಎಂದೇ. ನನಗೇನೂ ಬೇಸರವಿಲ್ಲ. ಹೊತ್ತುಕೊಂಡು ಹೋದೆ, ಹೌದು. ಇನ್ನೊಮ್ಮೆ ಕಳಿಸಿದರೆ ಇನ್ನೊಮ್ಮೆ ಹೊರುತ್ತೇನೆ.

ಧನುಷ್ಕೋಟಿ ಇನ್ನೂ ಊರಾಗಿಯೇ ಇದ್ದ ಕಾಲ ಅದು. ನಾನು ಮೈಸೂರಿನ ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿದ್ದೆ. ಅಪ್ಪ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಅವ್ವ ರಾಹೇಲಮ್ಮ ಸಾಹುಕಾರ್ ಗಂಗಣ್ಣನವರ ಮಂಡಿಯಲ್ಲಿ ಕೊಬ್ಬರಿ ಒಡೆಯುವ ಕೂಲಿ ಮಾಡುತ್ತಿದ್ದಳು.

ಅವ್ವನ ಕೆಲಸ ಎಂಥದೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆಮೇಲೆ ಮಟ್ಟೆ ಸುಲಿದು, ಚಿಪ್ಪನ್ನಷ್ಟೇ ಒಡೆದು, ಒಳಗಿನ ಕೊಬ್ಬರಿಯನ್ನು ಚೆಂಡಿನ ಹಾಗೆ ಇಡಿಯಾಗಿ ತೆಗೆಯಬೇಕು. ಚೂರಾದದ್ದು ಎಣ್ಣೆಗೆ ಹೋಗುತ್ತದೆ. ಇಡಿಯಾಗಿ ಬಂದದ್ದು ಮದುವೆಗೆ, ಮಡಿಲು ತುಂಬುವುದಕ್ಕೆ. ಮಂಡಿಯಲ್ಲಿ ಸಾಲಾಗಿ ಕೂತ ಹೆಂಗಸರಲ್ಲಿ ಅವ್ವನ ಕೈಯೇ ಕೈ. ಮಚ್ಚನ್ನು ತಿರುವಿ ಹಿಡಿದು ಅದರ ಬೆನ್ನಿನಿಂದ ಟಕ್ ಟಕ್ ಎಂದು ನಾಲ್ಕು ಕಡೆ ಕುಟ್ಟಿದರೆ ಚಿಪ್ಪು ಬಟ್ಟೆ ಬಿಚ್ಚಿದಂತೆ ಕಳಚಿ ಬೀಳುತ್ತಿತ್ತು. "ರಾಹೇಲವ್ವ ಒಡೆದ ಕೊಬ್ರೀಲಿ ಒಂದು ಗೆರೆ ತೋರಿಸ್ರಿ, ಮೂಟೆನೇ ಬಿಟ್ಕೊಡ್ತೀನಿ" ಎಂದು ಗಂಗಣ್ಣನವರು ಹೊರಗಿನ ವ್ಯಾಪಾರಿಗಳಿಗೆ ಸವಾಲು ಹಾಕುತ್ತಿದ್ದರು. ಯಾರೂ ತೋರಿಸಿದ್ದನ್ನು ನಾನು ಕಾಣೆ.

ಆ ಬೇಸಿಗೆ ನಮ್ಮ ಕಾಲೇಜಿನ ಕ್ರೈಸ್ತ ವಿದ್ಯಾರ್ಥಿಗಳ ತಂಡ ಸಿಲೋನಿನ ಹಳ್ಳಿಯೊಂದಕ್ಕೆ ಸೇವಾ ಶಿಬಿರಕ್ಕೆ ಹೊರಟಿತು. ಹತ್ತು ಜನ. ಪ್ರೇಮಲತಾ ಮಿಸ್ ಮುಂದಾಳು. ಊರಿನ ಸಭೆಯ ಒಪ್ಪಿಗೆ ಬೇಕಿತ್ತು. ನಮ್ಮ ಅರಸೀಕೆರೆ ಚರ್ಚಿನ ಹಿರಿಯರು ಕೂತರು. ಸ್ಟೇಷನ್ನಿನ ಬುಕಿಂಗ್ ಕ್ಲರ್ಕ್ ಸಾಮುವೇಲಪ್ಪನವರು, ಭಾನುವಾರ ಎಂಥ ಸೆಖೆಯಲ್ಲೂ ಕೋಟು ಬಿಚ್ಚದವರು, ಗಂಟಲು ಸರಿಮಾಡಿಕೊಂಡರು.

"ಹುಡುಗಿ ಜಾಣೆ, ಇಲ್ಲ ಅನ್ನಲ್ಲ. ಆದರೆ ಕೂಲಿಯವರ ಮನೆಯಿಂದ ಬಂದವಳು. ಪರದೇಶದಲ್ಲಿ ನಾಲ್ಕು ಜನರ ಎದುರು ಹೇಗೆ ನಡ್ಕೋಬೇಕು ಅಂತ ಗೊತ್ತಾಗುತ್ತೇನ್ರೀ?"

ನಾನು ಬಾಗಿಲ ಹೊರಗೆ ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು. ಒಳಗೆ ಪಾದ್ರಿಗಳು, ಅಂದರೆ ನಮ್ಮ ಅಯ್ಯನವರು, ಸಮಾಧಾನದಿಂದ ಹೇಳಿದರು. "ಕಳಿಸಿ ನೋಡೋಣ. ಬಂದಮೇಲೆ ಮಿಸ್ ವರದಿ ಕೊಡ್ತಾರೆ. ವರದಿ ಚೆನ್ನಾಗಿದ್ದರೆ ಮುಂದೆ ಮಾರ್ತಾನ್ನೂ ಕಳಿಸೋಣ. ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸೋಣ."

ಮಾರ್ತಾ ರೈಲ್ವೆ ಪಾಯಿಂಟ್ಸ್‌ಮನ್ ಮಗಳು. ನನಗಿಂತ ಒಂದು ತರಗತಿ ಕಿರಿಯಳು, ನಮ್ಮ ಸಾಲಿನ ಕೊನೆಯ ಮನೆಯವಳು. ಆ ಸಂಜೆ ಓಡಿಬಂದು ನನ್ನ ಕೈ ಹಿಡಿದು, "ಅಕ್ಕಾ, ದಮ್ಮಯ್ಯ, ಅಲ್ಲಿ ಬಾಯಿ ಮಾಡ್ಬೇಡ ಕಣೇ" ಎಂದಳು. ನನ್ನ ಬಾಯಿ ಎಂಥದೆಂದು ಸಾಲಿನವರಿಗೆಲ್ಲ ಗೊತ್ತಿತ್ತು.

ಹೊರಡುವ ದಿನ ಅವ್ವ ಐದು ಕಾಯಿ ತಂದಳು. ಮಟ್ಟೆ ಸುಲಿದು ಜುಟ್ಟು ಮಾತ್ರ ಬಿಟ್ಟ, ಲೊಟಲೊಟ ಅನ್ನುವ ಕೊಬ್ಬರಿ ಕಾಯಿ. ಗಂಗಣ್ಣನವರು ಕೊಟ್ಟದ್ದಂತೆ. "ಹನುಮಂತ ಹೋಗ್ ಬಂದ್ಮೇಲೆ ಲಂಕೆಗೆ ಹೊರಟೋಳು ನೀನೇ ಕಣವ್ವಾ, ಬರಿಗೈಲಿ ಹೋಗ್ಬ್ಯಾಡ" ಎಂದು ಹೇಳಿಕಳಿಸಿದ್ದರು.

"ಅವ್ವಾ, ಲಂಕೆ ತುಂಬ ತೆಂಗಿನ ಮರವೇ ಅಂತೆ!" ಎಂದೆ.

"ಇರ್ಲಿ ಬಿಡು. ಇಂಗೆ ಇಡೀದು ತೆಗೆಯೋರು ಅಲ್ಲಿ ಅವ್ರಾ? ಯಾರ ಮನೇಲಿ ಉಣ್ತೀಯೋ ಅವರ ಎದುರಿಗೇ ಒಡೆದು ಕೈಗೆ ಕೊಡು. ಅವರ ಹೆಂಗಸ್ರು ಹೆಂಗೆ ಒಡೀತಾರೆ, ಅದ್ನೂ ನೋಡ್ಕಂಡ್ ಬಾ."

ನನಗೆ ಒಡೆಯಲು ಸರಿಯಾಗಿ ಬರುವುದಿಲ್ಲ ಎಂದು ಹೇಳಬೇಕಿತ್ತು. ಚಿಕ್ಕವಳಿದ್ದಾಗ ಮಂಡಿಯಲ್ಲಿ ಚಿಪ್ಪು ಆಯ್ದಿದ್ದೆನೇ ಹೊರತು ಮಚ್ಚು ಹಿಡಿದವಳಲ್ಲ. ಓದುವ ಕೈಗೆ ಮಚ್ಚು ಬೇಡ ಎಂದವಳು ಅವ್ವನೇ. ಆದರೂ ಹೇಳಲಿಲ್ಲ. ಕಾಯಿಗಳನ್ನು ಟ್ರಂಕಿನೊಳಗೆ ಸೀರೆಗಳ ನಡುವೆ ಇಟ್ಟೆ.

ಧನುಷ್ಕೋಟಿ

ಬೆಂಗಳೂರಿನಲ್ಲಿ ಗಾಡಿ ಬದಲಾಯಿಸಿ, ತಿರುಚಿನಾಪಳ್ಳಿಯಲ್ಲಿ ಇನ್ನೊಮ್ಮೆ ಬದಲಾಯಿಸಿ, ಪಾಂಬನ್ ಸೇತುವೆಯ ಮೇಲೆ ರೈಲು ತೆವಳಿದಾಗ ನಮ್ಮ ತಂಡದವರೆಲ್ಲ ಹಾಡು ನಿಲ್ಲಿಸಿ ಕಿಟಕಿಗೆ ಮುಗಿಬಿದ್ದರು. ನಾನು ಅಲ್ಲಿಯತನಕ ಕಂಡಿದ್ದ ದೊಡ್ಡ ನೀರೆಂದರೆ ಹಳೇಬೀಡಿನ ದ್ವಾರಸಮುದ್ರದ ಕೆರೆ. ಅದಕ್ಕೂ ಸಮುದ್ರ ಎಂದು ಹೆಸರಿಟ್ಟ ನಮ್ಮ ರಾಜರು ಇದನ್ನು ನೋಡಿದ್ದರೋ ಇಲ್ಲವೋ ಎಂದು ಯೋಚಿಸಿದೆ. ಯೋಚಿಸಿಯೂ ನಮ್ಮ ಕೆರೆಯನ್ನು ಬಿಟ್ಟುಕೊಡಲಿಲ್ಲ. ಅದರ ನೀರು ಕುಡಿಯಬಹುದು.

ಹಡಗುಕಟ್ಟೆಯ ಸುಂಕದ ಶೆಡ್ಡಿನಲ್ಲಿ ಟ್ರಂಕು ತೆಗೆಸಿದರು. ಅಧಿಕಾರಿ ಒಂದು ಕಾಯಿ ಎತ್ತಿದ. ಅಲ್ಲಾಡಿಸಿದ. ಲೊಟಲೊಟ. ಕಿವಿಯ ಹತ್ತಿರ ಹಿಡಿದು ಮತ್ತೆ ಅಲ್ಲಾಡಿಸಿದ.

"ಒಳಗೆ ಏನಮ್ಮಾ?" ತಮಿಳಿನಲ್ಲಿ ಕೇಳಿದ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನ ಪಕ್ಕ ಬೆಳೆದ ನನಗೆ ಅರೆಬರೆ ತಮಿಳು ಬರುತ್ತಿತ್ತು.

"ಕೊಬ್ಬರಿ."

"ಕೊಬ್ಬರಿ ಎರಡು ಹೋಳಾಗಿರುತ್ತೆ. ಇದು ಇಡೀ ಕಾಯಿ. ನೀರಿಲ್ಲ, ಗಟ್ಟಿ ಏನೋ ಉರುಳ್ತಿದೆ."

"ಅದೇ ಕೊಬ್ಬರಿ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸಿಲೋನಿಗೆ ತೆಂಗಿನಕಾಯಿ ಒಯ್ಯೋಳು ಒಂದೋ ಹುಚ್ಚಿ, ಇಲ್ಲಾ ಅದರೊಳಗೆ ಚಿನ್ನ ಇಟ್ಟವಳು. ನೀನು ಯಾವುದು?"

ಮಾರ್ತಾಳ ಮಾತು ನೆನಪಾಯಿತು. ತುಟಿ ಕಚ್ಚಿಕೊಂಡೆ. ಎಷ್ಟು ಹೊತ್ತು ಕಚ್ಚಿಕೊಂಡಿರಲಿ! "ನಮ್ಮವ್ವನ ಕೊಬ್ಬರಿ ಚಿನ್ನಕ್ಕಿಂತ ಕಡಿಮೆಯೇನಲ್ಲ" ಎಂದುಬಿಟ್ಟೆ. ಎಂಥ ಮಾತನ್ನು ಎಂಥ ಕಡೆ ಆಡಿದೆ ನೋಡಿ. ಆತ ನೆಟ್ಟಗಾದ. ಮೇಲಧಿಕಾರಿಯನ್ನು ಕರೆದ. ಮೇಲಧಿಕಾರಿ ಊಟಕ್ಕೆ ಹೋಗಿದ್ದರು. ಬಂದರು, ಅವರೂ ಅಲ್ಲಾಡಿಸಿದರು. ನಾನೇ ಒಡೆದು ತೋರಿಸುತ್ತೇನೆ ಎಂದರೂ ಬಿಡದೆ ಸುತ್ತಿಗೆ ತರಿಸಿದರು. ಸಿಮೆಂಟಿನ ನೆಲದ ಮೇಲಿಟ್ಟು ಒಂದೇ ಏಟು. ಚಿಪ್ಪೂ ಕೊಬ್ಬರಿಯೂ ನುಚ್ಚುನೂರಾಗಿ ಶೆಡ್ಡಿನ ನಾಲ್ಕು ಮೂಲೆಗೆ ಸಿಡಿಯಿತು. ಮೇಲಧಿಕಾರಿ ಒಂದು ಚೂರು ಬಾಯಿಗೆ ಹಾಕಿಕೊಂಡರು. ಇನ್ನೊಂದು ಚೂರು ಹಾಕಿಕೊಂಡರು.

"ರುಚಿಯಾಗಿದೆ. ಹೋಗಿ" ಎಂದರು.

ಅಷ್ಟರಲ್ಲಿ ಹಡಗು ಹೋಗಿತ್ತು. ಒಬ್ಬಳನ್ನು ಬಿಟ್ಟು ಒಂಬತ್ತು ಜನ ಹೋಗುವುದು ಮಿಸ್‌ಗೆ ಒಪ್ಪಿಗೆಯಾಗಲಿಲ್ಲ. ಹತ್ತೂ ಜನ ಮೀನುಗಾರರ ಪುಟ್ಟ ಚರ್ಚಿನ ಜಗುಲಿಯಲ್ಲಿ ಮರಳು ಕೊಡವಿಕೊಳ್ಳುತ್ತ ಮರುದಿನದ ತನಕ ಕಾದೆವು. ಹುಡುಗರು "ಪ್ರಯಾಣಕ್ಕೆ ಮುಂಚೆ ಕಾಯಿ ಒಡೆದಾಯ್ತು, ಇನ್ನು ವಿಘ್ನ ಇಲ್ಲ" ಎಂದು ಛೇಡಿಸಿದರು. ಮಿಸ್ ಮಾತ್ರ ನಗಲಿಲ್ಲ.

"ಸುಗುಣಾ, ಒಂದು ದಿನ ಎಲ್ಲರದೂ ಹಾಳಾಯ್ತು. ಇದನ್ನ ನಾನು ವರದಿಯಲ್ಲಿ ಬರೀಬೇಕಾಗುತ್ತೆ."

ಬರೆಯದೆ ಬಿಡುವವರಲ್ಲ ಅವರು. ಹಾಗೆಂದು ಅನ್ಯಾಯದವರೂ ಅಲ್ಲ. ಉಳಿದ ನಾಲ್ಕು ಕಾಯಿಯನ್ನು ಮತ್ತೆ ಸೀರೆಯಲ್ಲಿ ಸುತ್ತಿಟ್ಟೆ.

ಆಚ್ಚಿಯ ಮನೆ

ಹಡಗಿನಲ್ಲಿ ನಮ್ಮ ಹತ್ತು ಜನರಲ್ಲಿ ಎಂಟು ಜನ ವಾಂತಿ ಮಾಡಿಕೊಂಡರು. ನಾನು ಮಾಡಿಕೊಳ್ಳಲಿಲ್ಲ, ದಯವಿಟ್ಟು ಗಮನಿಸಬೇಕು. ತಲೈಮನ್ನಾರಿನಿಂದ ಮತ್ತೆ ರೈಲು, ಆಮೇಲೆ ಬಸ್ಸು. ಯಾಳ್ಪಾಣದ, ಅಂದರೆ ಜಾಫ್ನಾದ, ಕಡೆಯ ಒಂದು ಹಳ್ಳಿ. ಅಲ್ಲಿಯ ಚಿಕ್ಕ ಶಾಲೆಗೆ ಇನ್ನೊಂದು ಕೋಣೆ ಕಟ್ಟುವುದು ನಮ್ಮ ಕೆಲಸ. ಜೊತೆಗೆ ಅವರ ದೇಶದ ಹತ್ತು ವಿದ್ಯಾರ್ಥಿಗಳು, ತಮಿಳರು, ಸಿಂಹಳರು.

ಲಂಕೆಯೆಂದರೆ ಹಸಿರೋ ಹಸಿರು ಎಂದುಕೊಂಡಿದ್ದೆ. ಇಳಿದು ನೋಡಿದರೆ ನಮ್ಮ ಅರಸೀಕೆರೆಯ ಹಾಗೇ ಬಯಲು, ಬಿಸಿಲು, ಬಾವಿ! ನನಗೆ ಎಷ್ಟು ಸಂತೋಷವಾಯಿತೆಂದರೆ ಬಸ್ಸಿನಲ್ಲೇ ಚಪ್ಪಾಳೆ ತಟ್ಟಿದೆ. ಬಾವಿಗಳ ಮೇಲೆ ನಮ್ಮ ಏತದಂಥದೇ ಏತ, ಅದರ ದಿಮ್ಮಿಯ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ನೀರೆತ್ತುವ ಗಂಡಸರು. ಓಣಿಯ ಎರಡೂ ಕಡೆ ತಾಳೆಗರಿಯ ಎತ್ತರದ ಬೇಲಿ. ಬೇಲಿಯ ಆಚೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ, ಆದರೆ ಬೇಲಿಯ ಆಚೆಯವರಿಗೆ ಓಣಿಯ ಸುದ್ದಿಯೆಲ್ಲ ಗೊತ್ತು.

ನನ್ನನ್ನು ಅನ್ನಮ್ಮ ಎಂಬ ಮುದುಕಿಯ ಮನೆಗೆ ಹಾಕಿದರು. ಅಲ್ಲಿ ಅಜ್ಜಿಗೆ ಆಚ್ಚಿ ಎನ್ನುತ್ತಾರೆ. ಊರಿಗೆಲ್ಲ ಆಕೆ ಆಚ್ಚಿಯೇ. ಮೊಮ್ಮಗಳು ನೇಸಂ, ನನ್ನ ವಾರಗೆಯವಳು, ಟೀಚರ್ ತರಬೇತಿ ಓದುತ್ತಿದ್ದಳು, ಶಿಬಿರದಲ್ಲಿ ನನ್ನ ಜೊತೆಗಾತಿ. ಅವಳ ತಂದೆತಾಯಿ ಕೊಲಂಬೊದಲ್ಲಿ ಕೆಲಸದಲ್ಲಿದ್ದರು. ನಾವು ಏನು ಕೇಳಿದರೂ ಆಚ್ಚಿ "ಓಂ, ಓಂ" ಎಂದು ತಲೆಯಾಡಿಸುತ್ತಿದ್ದಳು. ಚರ್ಚಿನ ಮುದುಕಿ, ಕೊರಳಲ್ಲಿ ಶಿಲುಬೆ, ಬಾಯಲ್ಲಿ ಓಂಕಾರ! ಗಂಗಣ್ಣನವರ ಮಠದಲ್ಲಿ ಕೇಳಬೇಕಾದ್ದನ್ನು ಇಲ್ಲಿ ಕೇಳುತ್ತಿದ್ದೇನಲ್ಲ ಎಂದು ಬೆರಗಾದೆ. ಆ ಸೀಮೆಯಲ್ಲಿ 'ಹೌದು' ಎನ್ನುವುದು ಹಾಗೇ ಎಂದು ನೇಸಂ ಬಿಡಿಸಿ ಹೇಳಿದಳು. ಎರಡು ದಿನದಲ್ಲಿ ನಾನೂ ಓಂ ಓಂ ಅನ್ನತೊಡಗಿದೆ.

ನಾಲ್ಕು ಕಾಯಿಯನ್ನು ಅಡಿಗೆಮನೆಯ ಮೂಲೆಯಲ್ಲಿ ಇಟ್ಟಿದ್ದೆ. ಭಾನುವಾರ ಬಿಡುವಾದಾಗ ಎಲ್ಲರೆದುರು ಒಡೆಯೋಣ ಎಂದು. ಮೂರನೆಯ ದಿನ ಸಂಜೆ ಕೆಲಸ ಮುಗಿಸಿ ಬಂದರೆ ಹಿತ್ತಲಲ್ಲಿ ಸ್ನಾನಕ್ಕೆ ಬಿಸಿನೀರು ಕಾಯುತ್ತಿದೆ. ನನಗೆಂದೇ ಕಾಯಿಸಿದ್ದು, ಕಲ್ಲು ಹೊತ್ತ ಹುಡುಗಿಯ ಮೈಕೈ ನೋವು ಹೋಗಲಿ ಎಂದು. ಒಲೆಯ ಬೆಂಕಿ ಎಂಥ ಚೆನ್ನಾಗಿ ಉರಿಯುತ್ತಿತ್ತು! ಎಣ್ಣೆ ಸುರಿದ ಹಾಗೆ ಧಗಧಗ. ಬಗ್ಗಿ ನೋಡಿದೆ. ಜುಟ್ಟಿನ ಸಮೇತ ಒಂದು ಚಿಪ್ಪು ಬೂದಿಯಂಚಿನಲ್ಲಿ ಬಿದ್ದಿತ್ತು.

"ಆಚ್ಚೀ! ನನ್ನ ಕಾಯಿ!"

"ಓಂ ಮಗಳೇ, ಅಲ್ಲಾಡಿಸಿ ನೋಡಿದೆ. ಒಳಗೆ ಕೊಳೆತು ಒಣಗಿಹೋಗಿತ್ತು, ಪಾಪ. ಅಷ್ಟು ದೂರದಿಂದ ತಂದಿದ್ದೆಯಲ್ಲ, ಎಸೆಯೋಕೆ ಮನಸ್ಸು ಬರಲಿಲ್ಲ. ಒಲೆಗೆ ಹಾಕಿದೆ."

ಹಿಂದೆ ಲಂಕೆಗೆ ಬೆಂಕಿ ಬಿದ್ದಿತ್ತಂತೆ. ಈ ಸಲ ಲಂಕೆಯವರು ನಮ್ಮವ್ವನ ಕೊಬ್ಬರಿಗೆ ಬೆಂಕಿ ಇಟ್ಟರು. ನಾನು ಕೂಗಾಡಿದೆ. ತಮಿಳು ಸಾಲದೆ ಕನ್ನಡದಲ್ಲಿ ಕೂಗಾಡಿದೆ. "ಕೊಳೆತದ್ದಂತೆ ಕೊಳೆತದ್ದು! ವರ್ಷಗಟ್ಟಲೆ ಅಟ್ಟದಲ್ಲಿಟ್ಟು ಕಾಯ್ದದ್ದು ಕಣ್ರೀ, ನಿಮಗೇನು ಗೊತ್ತು ತೆಂಗಿನಕಾಯಿ ಅಂದ್ರೆ!" ಬೇಲಿಯ ಆಚೆಯವರೆಲ್ಲ ಬೇಲಿಯ ಈಚೆಗೆ ಬಂದರು. ಮಿಸ್ ಕೂಡ ಬಂದರು. ಕುದಿಯುವ ನೀರಿನ ಮುಂದೆ ಎಪ್ಪತ್ತು ದಾಟಿದ ಮುದುಕಿ ಕೈಯಲ್ಲಿ ಟವೆಲ್ ಹಿಡಿದು ಗಾಬರಿಯಾಗಿ ನಿಂತಿದ್ದಳು.

ಆ ಟವೆಲ್ ನೋಡಿದ ಕೂಡಲೇ ಆಚ್ಚಿಯ ಕಾಲಿಗೆ ಬಿದ್ದೆ. ಆಕೆ ಎತ್ತಿ ನಿಲ್ಲಿಸಿ, "ನೀರು ಆರುತ್ತೆ, ಸ್ನಾನ ಮಾಡು" ಎಂದಳು. ನಾಲ್ಕರಲ್ಲಿ ಮೂರು ಕಾಯಿ ಒಲೆ ಸೇರಿತ್ತು. ಅವ್ವನ ಆ ಮೂರು ಕಾಯಿಯಿಂದ ಕಾದ ನೀರಿನಲ್ಲಿ ಅತ್ತುಕೊಂಡು ಸ್ನಾನ ಮಾಡಿದೆ. ಮೈ ಹಗುರವಾಯಿತು, ಸುಳ್ಳು ಯಾಕೆ ಹೇಳಲಿ.

ನನ್ನ ಕೂಗಿಗೆ ಮಿಸ್ ಒಂದೇ ಮಾತು ಅಂದರು. "ಇದೂ ಬರೀಬೇಕಾಗುತ್ತೆ ಸುಗುಣಾ." ಮಾರ್ತಾಳ ಮುಖ ಕಣ್ಣಮುಂದೆ ಬಂತು.

ಶಿಬಿರದ ದಿನಗಳು

ಬೆಳಗ್ಗೆ ರೈಲುಕಂಬಿಯ ತುಂಡನ್ನು ಬಡಿದು ಎಬ್ಬಿಸುತ್ತಿದ್ದರು. ನಮ್ಮೂರ ಶಾಲೆಯ ಗಂಟೆಯೂ ಅದೇ, ಸದ್ದೂ ಅದೇ. ಮೊದಲ ವಾರ ಕಣ್ಣು ಬಿಟ್ಟಾಗಲೆಲ್ಲ ಅರಸೀಕೆರೆಯಲ್ಲೇ ಇದ್ದೇನೆ ಎಂದುಕೊಳ್ಳುತ್ತಿದ್ದೆ. ಪ್ರಾರ್ಥನೆಗೆ ಒಂದೇ ರಾಗ, ಮೂರು ಭಾಷೆಯ ಮಾತು. ಕನ್ನಡದವರು ಹತ್ತೇ ಜನವಾದರೂ ನಮ್ಮ ದನಿಯೇ ಮೇಲಾಗಬೇಕೆಂದು ನಾನು ಹಟ ಹಿಡಿದು ಹಾಡಿಸುತ್ತಿದ್ದೆ.

ಆಮೇಲೆ ಕೆಲಸ. ಸಮುದ್ರದ ಬಿಳಿ ಸುಣ್ಣಕಲ್ಲನ್ನು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದು, ಮರಳು ಹೊರುವುದು, ಗಾರೆ ಕಲೆಸುವುದು. ನಮ್ಮ ತಂಡದ ದೊಡ್ಡಮನೆ ಹುಡುಗಿಯರ ಅಂಗೈ ಎರಡನೆಯ ದಿನಕ್ಕೇ ಬೊಬ್ಬೆ ಎದ್ದಿತು. ನನ್ನದು ಏಳಲಿಲ್ಲ. ಕೂಲಿಯವರ ಮನೆಯವಳಲ್ಲವೇ! ತಲೆಯ ಮೇಲೆ ಸಿಂಬಿ ಇಟ್ಟು ಎರಡು ಬುಟ್ಟಿ ಮರಳು ಒಟ್ಟಿಗೆ ಹೊರುವುದನ್ನು ಸಿಂಹಳದ ಹುಡುಗಿಯರಿಗೆ ಕಲಿಸಿದೆ. ಸಾಮುವೇಲಪ್ಪನವರು ಆ ಹೊತ್ತು ನೋಡಬೇಕಿತ್ತು.

ಹನ್ನೊಂದು ಗಂಟೆಗೆ ಹಾಲಿಲ್ಲದ ಚಹ. ಸಕ್ಕರೆಯೂ ಇಲ್ಲ. ಅಂಗೈಯಲ್ಲಿ ಒಂದು ತುಂಡು ತಾಳೆಬೆಲ್ಲ ಇಟ್ಟುಕೊಂಡು, ಒಮ್ಮೆ ಅದನ್ನು ಕಚ್ಚಿ ಒಮ್ಮೆ ಚಹ ಗುಟುಕರಿಸುತ್ತಾರೆ. ನಮ್ಮ ಹುಡುಗರು ಬೆಲ್ಲವನ್ನು ಚಹದೊಳಗೆ ಹಾಕಿ ಕಲಕಿದ್ದಕ್ಕೆ ಅವರ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದಕ್ಕೆ ಪ್ರತಿಯಾಗಿ ನಾವು ನಗಲು ಕಾರಣ ಸಿಗಲಿಲ್ಲ. ಉಂಡ ತಟ್ಟೆಗಳನ್ನು ಅವರ ಹುಡುಗರು ತಾವೇ ತೊಳೆಯುತ್ತಿದ್ದರು. ನಮ್ಮವರು ಹುಡುಗಿಯರ ಮುಖ ನೋಡುತ್ತ ಕೂತಿದ್ದರು. ನೇಸಂ ನಮ್ಮವರ ಮುಂದೆ ಬೂದಿ ಮತ್ತು ನಾರು ತಂದಿಟ್ಟು ಸುಮ್ಮನೆ ನಿಂತಳು. ಎದ್ದು ತೊಳೆದರು.

ಸಂಜೆ ಆಚ್ಚಿಯ ಜಗುಲಿಯಲ್ಲಿ ನಾನು ಬೇಲೂರು, ಹಳೇಬೀಡಿನ ಚಿತ್ರದ ಕಾರ್ಡುಗಳನ್ನು ಹರಡಿದೆ. ಕನ್ನಡಿ ನೋಡುವ ಶಿಲಾಬಾಲಿಕೆಯನ್ನು ಆಚ್ಚಿ ಬಹಳ ಹೊತ್ತು ನೋಡಿ, "ಇವಳಿಗೆ ಮನೇಲಿ ಕೆಲಸವಿಲ್ಲವಾ?" ಎಂದಳು.

ನೇಸಂ ಕೇಳಿದಳು. "ನೀನು ಚರ್ಚಿನವಳು. ದೇವಸ್ಥಾನದ ಚಿತ್ರ ಹಿಡಿದು ಇಷ್ಟೊಂದು ಜಂಬ ಪಡ್ತೀಯಲ್ಲೇ?"

"ಕಲ್ಲು ನಮ್ಮೂರ ಕಡೇದು, ಕೆತ್ತಿದ ಕೈ ನಮ್ಮೂರ ಕಡೇದು. ಜಂಬ ನಾನು ಪಡದೆ ಯಾರು ಪಡಬೇಕು? ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದೀಲಿ ಕಂಬ ಎಷ್ಟು ನುಣುಪು ಗೊತ್ತಾ, ನಿಂತ್ರೆ ಮುಖ ಕಾಣುತ್ತೆ."

"ಕಲ್ಲಿನಲ್ಲಿ ಮುಖ. ಕಾಯಿಯೊಳಗೆ ಚೆಂಡು. ನಿಮ್ಮೂರಿನದೆಲ್ಲ ಹೇಳೋಕೆ ಮಾತ್ರ ಚೆನ್ನಾಗಿದೆ" ಎಂದು ಕಣ್ಣು ಹೊಡೆದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅಷ್ಟರಲ್ಲಿ ನಾವಿಬ್ಬರೂ ಒಬ್ಬರ ಬಾಚಣಿಗೆಯಲ್ಲಿ ಒಬ್ಬರು ತಲೆ ಬಾಚುವಷ್ಟು ಗೆಳತಿಯರಾಗಿದ್ದೆವು.

ಆದರೆ ಆ ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಉಳಿದದ್ದು ಒಂದೇ ಕಾಯಿ. ಅದು ಸೌದೆಯ ಹಿಂದೆ ಉರುಳಿ ಬದುಕಿಕೊಂಡಿತ್ತು.

ಕೊನೆಯ ಕಾಯಿ

ಭಾನುವಾರ ಆರಾಧನೆ ಮುಗಿದಮೇಲೆ ಹಿತ್ತಲಲ್ಲಿ ಎಲ್ಲರೂ ಸೇರಿದರು. ಆಚ್ಚಿಯ ಮಚ್ಚು ನಮ್ಮದಕ್ಕಿಂತ ಉದ್ದ, ತೂಕವೂ ಹೆಚ್ಚು. ಅವ್ವ ಕೂರುವ ಹಾಗೆ ಕೂತೆ. ಅವ್ವ ಹಿಡಿಯುವ ಹಾಗೆ ಕಾಯಿ ಹಿಡಿದೆ. "ನೋಡ್ತಾ ಇರಿ, ಇಡೀ ಚೆಂಡು" ಎಂದೆ. ಮಿಸ್ ಮುಂದಿನ ಸಾಲಿನಲ್ಲೇ ನಿಂತಿದ್ದರು.

ಟಕ್. ಟಕ್. ಚಿಪ್ಪು ಬಿರುಕು ಬಿಟ್ಟಿತು. ಮೂರನೆಯ ಏಟಿಗೆ ಒಳಗಿನಿಂದ ಮೆತ್ತಗೆ ಒಂದು ಸದ್ದು ಬಂತು. ಆ ಸದ್ದು ನನಗೆ ಗೊತ್ತು. ಮಂಡಿಯಲ್ಲಿ ಬೇರೆ ಹೆಂಗಸರು "ಥೂ, ಹೋಯ್ತು" ಎನ್ನುವಾಗಿನ ಸದ್ದು. ಚಿಪ್ಪು ಸರಿಸಿದರೆ ಕೊಬ್ಬರಿ ಮೂರು ಚೂರಾಗಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎಲ್ಲರೂ ತಿಂದು ಬಹಳ ರುಚಿ ಎಂದರು. ಆಚ್ಚಿ ಚೂರನ್ನು ಬೆಲ್ಲದ ಜೊತೆ ಅಗಿಯುತ್ತ, "ರುಚಿ ನಿಜ. ಇಡಿಯಾಗಿ ಬರೋದು ಮಾತ್ರ ನಿನ್ನ ಅಮ್ಮನ ದೊಡ್ಡ ಮಾತು" ಎಂದಳು. ನಮ್ಮವ್ವನನ್ನು ಸುಳ್ಳಿ ಎಂದ ಹಾಗಾಯಿತು. ನನ್ನ ಕೈ ಸೋತಿತು, ಹೆಸರು ಹೋದದ್ದು ಅವ್ವನದು.

ಆಚ್ಚಿ ತನ್ನ ಊರಿನ ಕ್ರಮ ತೋರಿಸಿದಳು. ಹಸಿ ಕಾಯಿಯನ್ನು ಅಂಗೈಯಲ್ಲಿ ಹಿಡಿದು ಮಚ್ಚಿನಿಂದ ನಡುವಿಗೆ ಒಂದೇ ಏಟು. ಎರಡು ಹೋಳು, ತಟ್ಟೆ ತೊಳೆದಷ್ಟು ನೀಟು. ಅದನ್ನು ಬಿಸಿಲಿಗೋ ಹೊಗೆಗೋ ಹಾಕಿದರೆ ವಾರದಲ್ಲಿ ಕೊಬ್ಬರಿ. ಹತ್ತು ಸಲ ಯತ್ನಿಸಿದರೂ ನನಗೆ ಆ ಏಟು ಬರಲಿಲ್ಲ. ಆಚ್ಚಿಯ ಕೈಗೆ ಮನಸ್ಸಿನಲ್ಲೇ ಶರಣು ಎಂದೆ. ಆದರೆ ಸುಮ್ಮನಿರಲಾಗಲಿಲ್ಲ.

ಶಿಬಿರ ಮುಗಿಯುವ ಮುನ್ನಾದಿನ ಬಲಿತ ಹತ್ತು ಕಾಯಿ ಆರಿಸಿ, ಮಟ್ಟೆ ಸಮೇತ ಆಚ್ಚಿಯ ಅಡಿಗೆಮನೆಯ ಅಟ್ಟಕ್ಕೆ ಏರಿಸಿದೆ. ಕೆಳಗಿನ ಒಲೆಯ ಬಿಸಿ ಮೇಲಕ್ಕೆ ಮುಟ್ಟುತ್ತಿತ್ತು.

"ಒಂದು ವರ್ಷ ಮುಟ್ಟಬೇಡಿ ಆಚ್ಚೀ."

"ಒಂದು ವರ್ಷವಾ! ನಾನೇ ಇರ್ತೀನೋ ಇಲ್ಲವೋ."

"ನೀವು ಇರಲೇಬೇಕು. ನಮ್ಮವ್ವನ ಮಾತು ಸುಳ್ಳಲ್ಲ ಅಂತ ನೋಡೋಕಾದ್ರೂ ಇರಬೇಕು."

ಆಚ್ಚಿ ನನ್ನ ಗಲ್ಲ ಹಿಡಿದು ಅಲ್ಲಾಡಿಸಿ, "ಓಂ" ಎಂದಳು. ಹಡಗು ಹತ್ತುವ ತನಕ ನಾನೂ ನೇಸಂಳೂ ಅತ್ತೆವು.

ಊರಿಗೆ ಬಂದಮೇಲೆ

ವರದಿಯನ್ನು ಸಾಮುವೇಲಪ್ಪನವರೇ ಓದಿದರು. "ಸುಗುಣಾ ದುಡಿಮೆಯಲ್ಲಿ ಎಲ್ಲರಿಗಿಂತ ಮುಂದು. ಆದರೆ ತೆಂಗಿನಕಾಯಿಯ ದೆಸೆಯಿಂದ ತಂಡಕ್ಕೆ ಒಂದು ದಿನ ನಷ್ಟವಾಯಿತು. ಆತಿಥ್ಯ ಕೊಟ್ಟ ಮನೆಯಲ್ಲಿ ದನಿ ಏರಿಸಿದ್ದು ಎಲ್ಲರಿಗೂ ಮುಜುಗರ ತಂದಿತು." ಒಂದಕ್ಷರ ಸುಳ್ಳಿರಲಿಲ್ಲ. ಅವರು ಕಾಗದ ಮಡಿಸಿ ಕೋಟಿನ ಜೇಬಿಗೆ ಇಟ್ಟುಕೊಂಡು, "ನಾನು ಮೊದಲೇ ಹೇಳಿದ್ದೆ" ಎಂದರು. ಮಾರ್ತಾಳ ಹೆಸರು ಅಲ್ಲಿಗೆ ನಿಂತಿತು. ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಹೋಗ್ಲಿ ಬಿಡಕ್ಕ" ಎಂದಳು.

ಅವ್ವನಿಗೆ ಎಲ್ಲ ಹೇಳಿದೆ. ಸುತ್ತಿಗೆ, ಬಿಸಿನೀರು, ಮೂರು ಚೂರು. ಅವ್ವ ಕೇಳಿಸಿಕೊಂಡು, "ಅವರು ಹೆಂಗೆ ಒಡೀತಾರೆ?" ಎಂದಳು.

"ಎರಡು ಹೋಳು ಮಾಡಿ ಒಣಗಿಸ್ತಾರೆ."

"ಅಯ್ಯೋ ಪಾಪ. ಹೇಳ್ಕೊಡೋರು ಯಾರೂ ಇಲ್ವೇನೋ" ಎಂದು ಮಚ್ಚು ತೆಗೆದುಕೊಂಡು ಮಂಡಿಗೆ ಹೋದಳು.

ಹಳೇಬೀಡು, ಬೇಲೂರು, ಮತ್ತೆ ಅರಸೀಕೆರೆ

ಮರುವರ್ಷ ಬೇಸಿಗೆಯಲ್ಲಿ ಅವರ ತಂಡ ನಮ್ಮ ಕಡೆಗೆ ಬಂತು. ಅರಸೀಕೆರೆ ಹತ್ತಿರದ ಗಂಡಸಿ ಊರಿನ ಶಾಲೆಗೆ ಕಾಂಪೌಂಡು ಕಟ್ಟುವ ಕೆಲಸ. ನೇಸಂ ರೈಲಿನಿಂದ ಇಳಿದಾಗ ಅವಳ ಪೆಟ್ಟಿಗೆ ಲೊಟಲೊಟ ಅನ್ನುತ್ತಿತ್ತು! ಪ್ಲಾಟ್‌ಫಾರಮ್ಮಿನಲ್ಲೇ ಅವಳನ್ನು ತಬ್ಬಿಕೊಂಡು ಕುಣಿದೆ.

"ಹತ್ತರಲ್ಲಿ ಆರನ್ನು ಆಚ್ಚಿ ತಾನೇ ಒಡೆದಳು. ಆರೂ ಚೂರು. ಚೂರನ್ನೆಲ್ಲ ತಿಂದು ಮುಗಿಸಿದಳು, ಈಗ ಅಟ್ಟದ ತುಂಬ ಕಾಯಿ ಇಟ್ಟಿದ್ದಾಳೆ" ಎಂದಳು ನೇಸಂ. "ಉಳಿದ ನಾಲ್ಕು ಇಲ್ಲಿವೆ. ಇವನ್ನ ನಿನ್ನ ಅಮ್ಮನೇ ಒಡೀಬೇಕಂತೆ. ಇಡಿಯಾಗಿ ಬಂದರೆ ಆಚ್ಚಿ ಸೋತ ಹಾಗೆ."

"ಧನುಷ್ಕೋಟೀಲಿ ಹಿಡೀಲಿಲ್ವಾ?"

"ನೀನು ಹೇಳಿದ ಅದೇ ಅಧಿಕಾರಿ ಇರಬೇಕು. ಅಲ್ಲಾಡಿಸಿ ನೋಡಿ, ಮೈಸೂರಿಗಾ ಅಂದ. ಹೌದು ಅಂದೆ. ನಗುತ್ತಾ ಬಿಟ್ಟ."

ಶನಿವಾರ ರಜೆ ಕೊಟ್ಟರು. ಬಸ್ಸಿನಲ್ಲಿ ಹಳೇಬೀಡಿಗೆ, ಬೇಲೂರಿಗೆ ಅವಳನ್ನು ಕರೆದುಕೊಂಡು ಹೋದೆ. ಬೇಲೂರಿನಲ್ಲಿ ಕನ್ನಡಿಯವಳ ಕೆಳಗೆ ನಿಂತು, "ಆಚ್ಚಿ ನಿನ್ನನ್ನು ಕೇಳಿದ್ದಾಳೆ ಕಣಮ್ಮ" ಎಂದಳು ನೇಸಂ. ಬಸ್ತಿಹಳ್ಳಿಯ ಬಸದಿಯಲ್ಲಿ ಕಂಬದ ಎದುರು ನಿಲ್ಲಿಸಿದೆ. ಕಪ್ಪು ಕಲ್ಲಿನಲ್ಲಿ ಅವಳ ಮುಖ, ಪಕ್ಕದಲ್ಲಿ ನನ್ನದು. ಅವಳು ನನ್ನ ಕೈ ಅದುಮಿ, "ಕಲ್ಲಿನದು ನಿಜವಾಯ್ತು. ಇನ್ನು ಕಾಯಿಯದು" ಎಂದಳು.

ಭಾನುವಾರ ಆರಾಧನೆಯ ನಂತರ ಚರ್ಚಿನ ಅಂಗಳದಲ್ಲಿ ಎಲ್ಲರೂ ಸೇರಿದರು. ಪ್ರೇಮಲತಾ ಮಿಸ್, ಅಯ್ಯನವರು, ಕೋಟು ತೊಟ್ಟ ಸಾಮುವೇಲಪ್ಪನವರು. ಸುದ್ದಿ ಮುಟ್ಟಿ ಗಂಗಣ್ಣನವರೂ ವಿಭೂತಿ ಇಟ್ಟುಕೊಂಡು ಬಂದು ಬೇವಿನ ಮರದ ಕೆಳಗೆ ನಿಂತರು. ಮಾರ್ತಾ ನನ್ನ ತೋಳು ಹಿಡಿದಿದ್ದಳು.

ಅವ್ವ ಚಾಪೆಯ ಮೇಲೆ ಕೂತು ನಾಲ್ಕು ಕಾಯಿಯನ್ನೂ ಒಂದೊಂದಾಗಿ ಅಲ್ಲಾಡಿಸಿ ಕಿವಿಗೊಟ್ಟಳು. ಒಂದನ್ನು ಪಕ್ಕಕ್ಕಿಟ್ಟಳು. "ಇದಿನ್ನೂ ಹಸಿ." ಇನ್ನೊಂದನ್ನು ಇಟ್ಟಳು. "ಇದು ಒಳಗೇ ಸೀಳೈತೆ." ಮೂರನೆಯದನ್ನು ಅಂಗೈಯಲ್ಲಿ ತೂಗಿ, "ಇದು ಪರವಾಗಿಲ್ಲ. ಯಾರ ಅಟ್ಟದ್ದು?" ಎಂದಳು.

"ಆಚ್ಚಿಯದು" ಎಂದೆ.

"ಚೆಂದಾಗಿ ಕಾಯ್ದವ್ಳೆ."

ಮಚ್ಚು ತಿರುವಿದಳು. ಟಕ್. ಕಾಯಿ ತಿರುಗಿತು. ಟಕ್. ಮತ್ತೆ ತಿರುಗಿತು. ನಾಲ್ಕನೆಯ ಏಟಿಗೆ ಅವ್ವ ಮಚ್ಚು ಕೆಳಗಿಟ್ಟು ಹೆಬ್ಬೆರಳಿನಿಂದ ಚಿಪ್ಪನ್ನು ಸರಿಸಿದಳು. ಕಂದು ಬಣ್ಣದ ದುಂಡನೆ ಕೊಬ್ಬರಿ, ಒಂದು ಗೆರೆಯಿಲ್ಲದೆ, ಅವ್ವನ ಅಂಗೈಯಲ್ಲಿ ಕೂತಿತ್ತು.

"ನೋಡ್ರಪ್ಪಾ!" ಎಂದು ಗಂಗಣ್ಣನವರು ಬೇವಿನ ಮರದ ಕೆಳಗಿನಿಂದಲೇ ಕೂಗಿದರು. ನೇಸಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಅತ್ತುಬಿಟ್ಟೆ. ಹೆಮ್ಮೆಗೂ ಅಳು ಬರುತ್ತದೆ ಎಂದು ಅವತ್ತೇ ತಿಳಿದದ್ದು. ನಮ್ಮವ್ವ, ಕೂಲಿ ರಾಹೇಲಮ್ಮ, ಎರಡು ದೇಶದವರ ಎದುರು ಗೆದ್ದು ಕೂತಿದ್ದಳು, ಆದರೆ ಅವಳ ಮುಖದಲ್ಲಿ ಮಂಡಿಯ ದಿನದ ಮುಖವೇ ಇತ್ತು.

ಅವ್ವ ನೇಸಂಳನ್ನು ಹತ್ತಿರ ಕರೆದು, ಸೀರೆಯ ಸೆರಗು ಹಿಡಿಸಿ, ಒಂದು ಬೊಗಸೆ ಅಕ್ಕಿ, ಒಂದು ಅಚ್ಚು ಬೆಲ್ಲ ಹಾಕಿ, ಮೇಲೆ ಆ ಕೊಬ್ಬರಿ ಇಟ್ಟಳು. "ನನ್ನ ಮಗಳ ಮೈಗೆ ಬಿಸಿನೀರು ಕಾಯಿಸಿದ ಮನೆಯೋಳು. ಬರಿ ಮಡಿಲಲ್ಲಿ ಕಳಿಸಬಾರ್ದು. ನಿಮ್ಮಜ್ಜಿಗೆ ಹೇಳು, ಸೋತಿಲ್ಲ ಅಂತ. ಕಾಯ್ದೋಳು ಅವಳೇ, ನಾನು ಚಿಪ್ಪು ತೆಗೆದೆ ಅಷ್ಟೇ." ನೇಸಂಗೆ ನಾನು ತಮಿಳಿನಲ್ಲಿ ಹೇಳಿದೆ. ಅವಳು ಮಡಿಲು ಹಿಡಿದುಕೊಂಡೇ ಬಗ್ಗಿ ಅವ್ವನ ಕಾಲು ಮುಟ್ಟಿದಳು.

ಪ್ರೇಮಲತಾ ಮಿಸ್ ಕನ್ನಡಕ ಒರೆಸಿಕೊಂಡು, "ಸಾಮುವೇಲಪ್ಪನವರೇ, ನನ್ನ ಹಳೇ ವರದಿಗೆ ಒಂದು ವಿಷಯ ಸೇರಿಸಬೇಕು. ಆಚ್ಚಿಯ ಮನೆಯವರು ಇನ್ನೊಬ್ಬ ಹುಡುಗಿಯನ್ನ ಕಳಿಸಿ ಅಂತ ಪತ್ರ ಬರೆದಿದ್ದಾರೆ. ಅರಸೀಕೆರೆಯವಳೇ ಬೇಕಂತೆ" ಎಂದರು.

ಸಾಮುವೇಲಪ್ಪನವರು ಆ ಸೆಖೆಯಲ್ಲಿ ನಮ್ಮೆಲ್ಲರ ಎದುರು, ನಾನು ಕಂಡ ಹಾಗೆ ಮೊದಲ ಸಲ, ಕೋಟು ಬಿಚ್ಚಿ ಮಡಿಸಿ ತೋಳಿನ ಮೇಲೆ ಹಾಕಿಕೊಂಡರು. ಚಾಪೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಬಿದ್ದ ಚಿಪ್ಪಿನ ಒಂದು ಚೂರು ಎತ್ತಿ ತಿರುಗಿಸಿ ನೋಡಿದರು. ಮಾರ್ತಾಳ ಬೆರಳು ನನ್ನ ತೋಳನ್ನು ಬಿಗಿಯಾಗಿ ಒತ್ತಿತು.

"ರಾಹೇಲಮ್ಮಾ, ಮಾರ್ತಾ ಹೋಗುವಾಗ ಅವಳ ಕೈಲಿ ಎಷ್ಟು ಕಾಯಿ ಕಳಿಸೋಣ?"

ಅವ್ವ ಮಚ್ಚನ್ನು ಸೆರಗಿನಿಂದ ಒರೆಸಿದಳು.

"ಐದೇ ಸಾಕು ಸ್ವಾಮಿ. ಈ ಸಲ ಒಡೆಯೋದು ಕಲಿಸಿ ಕಳಿಸ್ತೀನಿ."